ಒಂದೇ ಸಾಕೆಟ್, ಬೇರೆ ಬೇರೆ ದನಿ

ವಾಲ್ವ್ ಆಂಪ್ಲಿಫೈಯರ್ ಕೊಂಡ ಗಿಟಾರ್ ಪ್ರಿಯರದ್ದು ಸಾಮಾನ್ಯವಾಗಿ ಒಂದೇ ದೂರು. ವಾಲ್ಯೂಮ್ ಒಂದೂವರೆಯಲ್ಲಿದ್ದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ, ಎರಡಕ್ಕೆ ಬಂತೋ ಪಕ್ಕದ ಮನೆಯವರು ಬಾಗಿಲಲ್ಲಿ. ನಡುವೆ ಏನೂ ಇಲ್ಲ. ಹಾಸನದ ಮನೆಯಲ್ಲಿ ಶನಿವಾರ ಸಂಜೆ ಒಂದು ಗಂಟೆ ನುಡಿಸೋಣ ಅಂತ ಬೆಂಗಳೂರಿನಿಂದ ಬಂದವರಿಗೆ ಇದಕ್ಕಿಂತ ಬೇಸರ ಇನ್ನೇನಿದೆ? ಆಂಪ್ ಮಾರಿಬಿಡೋಣ ಅನ್ನುವ ಮೊದಲು ಒಂದು ಕೆಲಸ ಮಾಡಿ. ಹಿಂಬದಿಯಲ್ಲಿ, ಗಿಟಾರ್ ಕೇಬಲ್ ಚುಚ್ಚುವ ಜಾಗಕ್ಕೆ ಹತ್ತಿರದಲ್ಲಿ, ಹೆಬ್ಬೆರಳಿನಷ್ಟು ದಪ್ಪದ ಗಾಜಿನ ವಾಲ್ವ್ ಇರುತ್ತದೆ. ಅದರ ಮೇಲಿನ ನಂಬರ್ ಓದಿ.

ಬಹುತೇಕ 12ಎಎಕ್ಸ್7 ಅಂತಿರುತ್ತದೆ, ಇಲ್ಲವೇ ಇಸಿಸಿ83. ಎರಡೂ ಒಂದೇ. ಮೊದಲನೆಯದು ಅಮೆರಿಕದ ಹೆಸರು, ಎರಡನೆಯದು ಯುರೋಪಿನದು. ಹಾಗೆಯೇ ಇಸಿಸಿ81 ಅಂದರೆ 12ಎಟಿ7, ಇಸಿಸಿ82 ಅಂದರೆ 12ಎಯು7. ನೋಡೋಕೆ ಅವಳಿಜವಳಿ, ಒಂಬತ್ತು ಪಿನ್, ಒಂದೇ ಸಾಕೆಟ್‌ನಲ್ಲಿ ಕೂರುತ್ತವೆ. ಗುಣ ಮಾತ್ರ ಬೇರೆ.

ಗಿಟಾರ್ ಪಿಕಪ್ ಕೊಡುವ ಸಿಗ್ನಲ್ ತೀರಾ ಸಣ್ಣದು. ಅದನ್ನು ಮೊದಲು ಹಿಗ್ಗಿಸುವುದು ಈ ವಾಲ್ವ್. ಎಷ್ಟು ಹಿಗ್ಗಿಸಬಲ್ಲದು ಎಂಬುದಕ್ಕೆ ಒಂದು ಅಂಕಿ ಇದೆ: 12ಎಎಕ್ಸ್7ಗೆ 100, 5751 ಎಂಬುದಕ್ಕೆ 70, 12ಎಟಿ7ಗೆ 60, 12ಎವೈ7ಗೆ 44ರ ಆಸುಪಾಸು, 12ಎಯು7ಗೆ 20ಕ್ಕೂ ಕಡಿಮೆ. ಯುರೋಪಿನ ಹೆಸರಲ್ಲಿರುವ 81, 82, 83 ಅನ್ನೋದು ಏರುಕ್ರಮವಲ್ಲ ಅನ್ನುವುದನ್ನು ಗಮನಿಸಿ. ಎಷ್ಟೋ ಜನ ಮೋಸ ಹೋಗುವುದು ಇಲ್ಲೇ.

ಹಾಗಾದರೆ 100ರ ಬದಲು 60ರದ್ದು ಹಾಕಿದರೆ ಮುಗಿಯಿತಲ್ಲ ಅನ್ನಬಹುದು. ಅಷ್ಟು ಸರಳವಿಲ್ಲ. 12ಎಎಕ್ಸ್7 ಒಂದು ಮಿಲಿಆಂಪ್‌ನಷ್ಟು ಕರೆಂಟಿನಲ್ಲಿ ಸುಖವಾಗಿರುವ ವಾಲ್ವ್. 12ಎಟಿ7 ಮತ್ತು 12ಎಯು7 ಹತ್ತು ಮಿಲಿಆಂಪ್‌ನ ಕೆಲಸಕ್ಕೆ ಹುಟ್ಟಿದವು. 12ಎಎಕ್ಸ್7ಗೆಂದು ಲೆಕ್ಕ ಹಾಕಿ ಜೋಡಿಸಿದ ಸರ್ಕ್ಯೂಟ್‌ನಲ್ಲಿ ಅವಕ್ಕೆ ಅರೆಹೊಟ್ಟೆ. ಕೆಟ್ಟುಹೋಗುವುದಿಲ್ಲ, ಆದರೆ ದನಿ ಕೆಲವೊಮ್ಮೆ ಒಣಗಿದಂತೆ, ಬಿಗಿದಂತೆ ಕೇಳುತ್ತದೆ. ಫೆಂಡರ್ ಕಂಪನಿ ಟ್ವಿನ್ ರಿವರ್ಬ್‌ನಲ್ಲಿ 12ಎಟಿ7 ಅನ್ನು ಹಾಕಿದ್ದು ಮೊದಲ ಸಾಕೆಟ್‌ಗಲ್ಲ. ರಿವರ್ಬ್ ಸ್ಪ್ರಿಂಗ್ ಅಲುಗಾಡಿಸುವಂಥ, ಕರೆಂಟ್ ಬೇಡುವ ಜಾಗಕ್ಕೆ.

ಮೊದಲ ಸಾಕೆಟ್‌ಗೆ ನನ್ನ ಆಯ್ಕೆ 5751 ಅಥವಾ 12ಎವೈ7. 5751 ಹಾಕಿದರೆ ಸುಮಾರು ಮೂರು ಡೆಸಿಬಲ್ ಇಳಿಯುತ್ತದೆ. ಕಿವಿಗೆ ದೊಡ್ಡದಲ್ಲ, ಆದರೆ ದನಿ ಒಡೆಯೋಕೆ ಶುರುವಾಗುವ ಜಾಗ ಗುಂಡಿಯಲ್ಲಿ ಸ್ವಲ್ಪ ಮುಂದೆ ಹೋಗುತ್ತದೆ. 12ಎವೈ7 ಏಳು ಡೆಸಿಬಲ್ ಇಳಿಸುತ್ತದೆ. ಆಂಪಿನ ಗರಿಷ್ಠ ಸದ್ದು ಹೆಚ್ಚೇನೂ ತಗ್ಗುವುದಿಲ್ಲ, ಗುಂಡಿ ಮಾತ್ರ ಹೇಳಿದ ಮಾತು ಕೇಳುತ್ತದೆ. ಚನ್ನರಾಯಪಟ್ಟಣದ ಕಲ್ಯಾಣ ಮಂಟಪದಲ್ಲಿ ಆರ್ಕೆಸ್ಟ್ರಾ ಜೊತೆ ಶುದ್ಧ ದನಿ ಬೇಕಾದವರಿಗೂ ಇದೇ ಅನುಕೂಲ.

ಒಂದು ವಾಲ್ವ್ ಎಷ್ಟು ವ್ಯತ್ಯಾಸ ಮಾಡೀತು ಅಂತ ಅನುಮಾನವಿದ್ದರೆ ಚರಿತ್ರೆ ನೋಡಿ. ಫೆಂಡರ್‌ನ 1950ರ ದಶಕದ ಕೊನೆಯ ಬಾಸ್‌ಮನ್ ಆಂಪಿನ ಮೊದಲ ಸಾಕೆಟ್‌ನಲ್ಲಿ ಇದ್ದದ್ದು 12ಎವೈ7. ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯವರು 1962ರ ಸುಮಾರಿಗೆ ಅದೇ ಸರ್ಕ್ಯೂಟ್ ನೋಡಿಕೊಂಡು ತಮ್ಮ ಜೆಟಿಎಂ45 ಮಾಡಿದಾಗ ಅಲ್ಲಿ ಕೂರಿಸಿದ್ದು ಇಸಿಸಿ83. ಸ್ಪೀಕರ್, ಟ್ರಾನ್ಸ್‌ಫಾರ್ಮರ್ ಕೂಡ ಬದಲಾಗಿದ್ದವು ನಿಜ, ಆದರೆ ಮಾರ್ಷಲ್‌ನ ಆ ಒರಟು ಗರ್ಜನೆಯಲ್ಲಿ ಈ ವಾಲ್ವ್‌ಗೂ ಪಾಲಿದೆ.

ನಮ್ಮ ಕಡೆಯವರಿಗೆ ಇದು ಹೊಸ ಮಾತೇನಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು, ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿ ಆಕಾರದ ಮಂದಿರವನ್ನೇ ಕಟ್ಟಿಸಿದ್ದಾರೆ. ತಂಬೂರಿ ಕುದುರೆಯ ಮೇಲೆ ತಂತಿಯ ಕೆಳಗಿರುವ ದಾರದ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಶ್ರುತಿ ಅದೇ, ಝೇಂಕಾರ ಬೇರೆ. ಸ್ವರದ ಜೊತೆ ಏಳುವ ಉಪಸ್ವರಗಳ ಪ್ರಮಾಣ ಬದಲಾಗುತ್ತದೆ. ವಾಲ್ವ್ ತನ್ನ ಮಿತಿಗೆ ತಾಗಿದಾಗ ಆಗುವುದೂ ಅದೇ ಬಗೆಯದು: ಮೂಲದಲ್ಲಿಲ್ಲದ ಉಪಸ್ವರಗಳು ಸೇರಿಕೊಳ್ಳುತ್ತವೆ. ಆ ಮಿತಿ ಯಾವಾಗ ಬರಬೇಕು ಅನ್ನುವುದಷ್ಟೇ ನಿಮ್ಮ ಆಯ್ಕೆ.

ಇನ್ನು ಬ್ರಾಂಡ್ ಮಾತು. ಪೆಟ್ಟಿಗೆಯ ಮೇಲೆ ಮುಲ್ಲಾರ್ಡ್ ಅಂತಿದ್ದರೆ ಇಂಗ್ಲೆಂಡಿನದು ಅಂದುಕೊಳ್ಳಬೇಡಿ. ಇವತ್ತಿನ ಹೊಸ ಮುಲ್ಲಾರ್ಡ್, ಟಂಗ್‌ಸೋಲ್, ಸೋವ್‌ಟೆಕ್, ಎಲೆಕ್ಟ್ರೋ ಹಾರ್ಮೋನಿಕ್ಸ್ ಹೆಸರಿನವು ರಷ್ಯಾದ ಸರಾತೊವ್‌ನ ಒಂದೇ ಕಾರ್ಖಾನೆಯಿಂದ ಬರುತ್ತವೆ. ಜೆಜೆ ಸ್ಲೊವಾಕಿಯಾದ್ದು. 2022ರಲ್ಲಿ ರಷ್ಯಾ ರಫ್ತು ತಡೆದಾಗ ಪ್ರಪಂಚದಾದ್ಯಂತ ಬೆಲೆ ಏರಿದ್ದು ಇದಕ್ಕೇ. ಒಂದೇ ನಂಬರಿನ ಎರಡು ಬ್ರಾಂಡ್‌ಗೆ ದುಡ್ಡು ಸುರಿಯುವ ಬದಲು ನಂಬರ್ ಬದಲಿಸಿ ನೋಡುವುದು ಲಾಭ.

ಹಾಕುವಾಗ ಪ್ಲಗ್ ಕಿತ್ತು, ಆಂಪ್ ತಣ್ಣಗಾಗುವವರೆಗೆ ಕಾಯಿರಿ. ಪ್ರಿಆಂಪ್ ವಾಲ್ವ್‌ಗೆ ಬಯಾಸ್ ಹೊಂದಿಸುವ ಗೋಜಿಲ್ಲ, ನೇರ ಎಳೆದು ಹೊಸದನ್ನು ಕೂರಿಸಬಹುದು. ಆದರೆ ಚಾಸಿಸ್ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಮೀರಿ ಉಳಿದಿರಬಹುದು, ಜೀವಕ್ಕೇ ಅಪಾಯ. ಸಾಕೆಟ್‌ಗೆ ಕೂರುತ್ತೆ ಅಂತ 12ಬಿಎಚ್7 ಹಾಕಲೂಬೇಡಿ. ಅದರ ಹೀಟರ್ ಎರಡರಷ್ಟು ಕರೆಂಟ್ ಎಳೆಯುತ್ತದೆ. ಹೊಸದನ್ನು ಹಾಕಿ ಆನ್ ಮಾಡಿದ ಮೇಲೆ ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಗಂಟೆ ಹೊಡೆದಂತೆ ಕೇಳಿದರೆ ಆ ವಾಲ್ವ್ ಮೊದಲ ಸಾಕೆಟ್‌ಗೆ ಬೇಡ.

ಊರ ಕಡೆ ಕರೆಂಟ್ 230ರಿಂದ 200ಕ್ಕೆ ಇಳಿದರೆ 6.3 ವೋಲ್ಟ್ ಬೇಕಾದ ಹೀಟರ್‌ಗೆ ಸಿಗುವುದು ಐದೂವರೆ. ಆಗ ದನಿ ಸೊರಗಿದರೆ ತಪ್ಪು ವಾಲ್ವ್‌ನದಲ್ಲ, ಒಂದು ಸ್ಟೆಬಿಲೈಜರ್ ತನ್ನಿ.

ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೋ ವಾಲ್ವ್‌ಗಳನ್ನು ತಯಾರಿಸಿತ್ತು. ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಹಳೇ ರೇಡಿಯೋ ರಿಪೇರಿಯವರ ಪರಿಚಯವಿದ್ದರೆ, ಡ್ರಾಯರ್ ಗುಜರಿಗೆ ಹೋಗುವ ಮೊದಲು ಒಮ್ಮೆ ತೆಗೆಸಿ ನೋಡಿ. ಬಿಇಎಲ್ ಮುದ್ರೆಯ ಇಎಲ್84 ಸಿಕ್ಕರೆ ಎತ್ತಿಟ್ಟುಕೊಳ್ಳಿ. ಅದು ಪವರ್ ವಾಲ್ವ್, ಮೊದಲ ಸಾಕೆಟ್‌ನದಲ್ಲ; ವಾಕ್ಸ್ ಎಸಿ30ಯಂಥ ಆಂಪ್‌ಗಳಲ್ಲಿ ದುಡಿಯುವುದು ಅದೇ ನಂಬರಿನದು.