ಬೋಧನಾಸ್ಪತ್ರೆಯ ವೈದ್ಯರು: ಪದವಿ, ಅನುಭವ ಮತ್ತು ಹೊಣೆ

ಬಸವಕಲ್ಯಾಣ ಮತ್ತು ಹುಮನಾಬಾದ್ ಭಾಗದ ಕುಟುಂಬಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಗುಣವಾಗದ ಕಾಯಿಲೆ ಎದುರಾದಾಗ, ಹತ್ತಿರದ ದೊಡ್ಡ ಆಸ್ಪತ್ರೆಗಳು ಬಹುಮಟ್ಟಿಗೆ ವೈದ್ಯಕೀಯ ಮಹಾವಿದ್ಯಾಲಯಗಳಿಗೆ ಸೇರಿದವುಗಳೇ ಆಗಿವೆ. ಬೀದರಿನಲ್ಲಿ ಬ್ರಿಮ್ಸ್ ಎಂದು ಜನಜನಿತವಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಕಲಬುರಗಿಯಲ್ಲಿ ಸರ್ಕಾರಿ ಜಿಮ್ಸ್ ಇದೆ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು 1963ರಲ್ಲಿ ಆರಂಭಿಸಿದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯವೂ ಅದಕ್ಕೆ ಸೇರಿದ ಬಸವೇಶ್ವರ ಆಸ್ಪತ್ರೆಯೂ ಇವೆ. 2017ರಲ್ಲಿ ಹುಮನಾಬಾದ್ ಮಾರ್ಗವಾಗಿ ಬೀದರ್–ಕಲಬುರಗಿ ರೈಲುಮಾರ್ಗ ಪೂರ್ಣಗೊಂಡ ಮೇಲೆ ಈ ಎರಡೂ ನಗರಗಳು ನಮಗೆ ಇನ್ನಷ್ಟು ಹತ್ತಿರವಾಗಿವೆ.

ಆದರೆ ಬೋಧನಾಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಹಾಸಿಗೆಯ ಬಳಿಗೆ ದಿನಕ್ಕೆ ನಾಲ್ಕಾರು ಮಂದಿ ಬಿಳಿ ಕೋಟಿನವರು ಬಂದು ಹೋಗುತ್ತಾರೆ. ಇವರಲ್ಲಿ ವೈದ್ಯರು ಯಾರು, ವಿದ್ಯಾರ್ಥಿಗಳು ಯಾರು, ನಿರ್ಧಾರ ಕೈಗೊಳ್ಳುವವರು ಯಾರು ಎಂಬುದು ಮನೆಯವರಿಗೆ ತಿಳಿಯುವುದಿಲ್ಲ. ಕಲಿಯುವ ಹುಡುಗರ ಕೈಗೆ ಸಿಕ್ಕೆವೆಂದು ಹೆದರಿ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು, ಸಾಲ ಮಾಡಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೊರಟುಬಿಡುವವರೂ ಉಂಟು. ಹಾಗೆ ಕಳೆದ ಸಮಯ ಮರಳಿ ಬಾರದು. ಆದ್ದರಿಂದ ಈ ವೈದ್ಯರ ಹಿನ್ನೆಲೆಯನ್ನು ಸದ್ಭಕ್ತರು ಅರಿತಿರುವುದು ಅಗತ್ಯ.

ವೈದ್ಯವೃತ್ತಿಯ ಮೊದಲ ಮೆಟ್ಟಿಲು ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷಗಳ ವ್ಯಾಸಂಗ ಮುಗಿಸಿ ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಒಂದು ವರ್ಷ ವಿವಿಧ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಮಾಡುತ್ತಾರೆ. ಇವರನ್ನೇ ಹೌಸ್ ಸರ್ಜನ್ ಎನ್ನುವುದು. ಇವರ ನೋಂದಣಿ ತಾತ್ಕಾಲಿಕವಾದುದು. ಹಿರಿಯರ ಮೇಲ್ವಿಚಾರಣೆಯಲ್ಲಿಯೇ ಇವರು ಕಾರ್ಯ ನಿರ್ವಹಿಸಬೇಕು.

ಎರಡನೆಯವರು ಪಿ.ಜಿ.ಗಳು. ವಾರ್ಡಿನಲ್ಲಿ ಹಗಲಿರುಳು ಕಾಣಸಿಗುವವರು ಹೆಚ್ಚಾಗಿ ಇವರೇ. ‘ವಿದ್ಯಾರ್ಥಿ’ ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ಇವರು ಎಂ.ಬಿ.ಬಿ.ಎಸ್. ಮುಗಿಸಿ, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರಾದ ಪೂರ್ಣ ವೈದ್ಯರು. ಒಂದು ವಿಷಯದಲ್ಲಿ ತಜ್ಞರಾಗಲು ಮೂರು ವರ್ಷಗಳ ಎಂ.ಡಿ. ಅಥವಾ ಎಂ.ಎಸ್. ವ್ಯಾಸಂಗದಲ್ಲಿರುವವರು. ಸಾಮಾನ್ಯ ಔಷಧಶಾಸ್ತ್ರ, ಮಕ್ಕಳ ಚಿಕಿತ್ಸೆ ಮುಂತಾದವುಗಳಿಗೆ ಎಂ.ಡಿ.; ಶಸ್ತ್ರಚಿಕಿತ್ಸೆ, ಮೂಳೆ, ಕಣ್ಣು ಮುಂತಾದವುಗಳಿಗೆ ಎಂ.ಎಸ್. ಡಿ.ಎನ್.ಬಿ. ಎಂಬುದೂ ರಾಷ್ಟ್ರೀಯ ಪರೀಕ್ಷಾ ಮಂಡಳಿ ನೀಡುವ ತಜ್ಞಪದವಿಯೇ. ಹೃದಯ, ಮೂತ್ರಪಿಂಡ, ನರಮಂಡಲಗಳಂಥ ವಿಶೇಷ ಶಾಖೆಗಳಿಗೆ ಎಂ.ಡಿ. ಅಥವಾ ಎಂ.ಎಸ್. ಆದ ಮೇಲೆ ಮತ್ತೆ ಮೂರು ವರ್ಷ ಓದಿ ಡಿ.ಎಂ. ಅಥವಾ ಎಂ.ಸಿ.ಎಚ್. ಪಡೆಯುತ್ತಾರೆ.

ಇನ್ನು ಬೋಧಕ ವೈದ್ಯರು. ತಜ್ಞಪದವಿ ಪಡೆದವರು ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ದುಡಿದ ಬಳಿಕ ಸಹಾಯಕ ಪ್ರಾಧ್ಯಾಪಕರಾಗುತ್ತಾರೆ. ನಾಲ್ಕು ವರ್ಷಗಳ ಬೋಧನಾನುಭವ, ಸಂಶೋಧನಾ ಪ್ರಬಂಧಗಳು ಮತ್ತು ಬೋಧನಾ ತರಬೇತಿಯ ಬಳಿಕ ಸಹ ಪ್ರಾಧ್ಯಾಪಕರು. ಮತ್ತೆ ಮೂರು ವರ್ಷಗಳ ಬಳಿಕ ಪ್ರಾಧ್ಯಾಪಕರು. ಸರ್ಕಾರಿ ಆಸ್ಪತ್ರೆಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ತಜ್ಞರಿಗೂ ಬೋಧಕರಾಗುವ ದಾರಿಯನ್ನು 2025ರ ನಿಯಮಗಳು ತೆರೆದಿವೆ. ಇವರಲ್ಲದೆ, ಹಾಸಿಗೆಯ ಬಳಿ ಕಾಣಿಸಿಕೊಳ್ಳದೆ ರಕ್ತ, ಅಂಗಾಂಶಗಳನ್ನು ಪರೀಕ್ಷಿಸಿ ರೋಗ ಯಾವುದೆಂದು ತಿಳಿಸುವ ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳ ವೈದ್ಯರೂ ಇದ್ದಾರೆ. ಅವರ ವರದಿಯಿಲ್ಲದೆ ಎಷ್ಟೋ ಚಿಕಿತ್ಸೆಗಳು ಆರಂಭವಾಗವು.

ಇವರೆಲ್ಲರನ್ನೂ ಒಂದುಗೂಡಿಸುವ ವ್ಯವಸ್ಥೆಯೇ ಯೂನಿಟ್. ಹಿರಿಯ ಬೋಧಕರೊಬ್ಬರು ಅದರ ಮುಖ್ಯಸ್ಥರು. ಅವರ ಕೆಳಗೆ ಉಳಿದ ಬೋಧಕರು, ಪಿ.ಜಿ.ಗಳು, ಹೌಸ್ ಸರ್ಜನರು. ರಾತ್ರಿ ಪಿ.ಜಿ. ಗಮನಿಸಿದ್ದು ಬೆಳಗಿನ ರೌಂಡ್ಸ್‌ನಲ್ಲಿ ಮುಖ್ಯಸ್ಥರ ಮುಂದೆ ಬರುತ್ತದೆ. ಒಂದೇ ಪ್ರಶ್ನೆಯನ್ನು ಮೂವರು ಕೇಳಿದರೆ ಅದು ಅಲಕ್ಷ್ಯವಲ್ಲ. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಕಾಣಲೆಂದೇ ಈ ಏರ್ಪಾಡು.

ಆದಕಾರಣ ಭಕ್ತರು ಕೆಲವು ಸಂಗತಿಗಳನ್ನು ನೆನಪಿಡಬೇಕು. ಕೇಸ್ ಶೀಟಿನ ಮೇಲಿರುವ ಯೂನಿಟ್ಟನ್ನೂ ಅದರ ಮುಖ್ಯಸ್ಥರ ಹೆಸರನ್ನೂ ಬರೆದಿಟ್ಟುಕೊಳ್ಳಿರಿ. ಮರುಪರೀಕ್ಷೆಗೆ ಆ ಯೂನಿಟ್ಟಿನ ಓ.ಪಿ.ಡಿ. ದಿನವೇ ಹೋಗಿರಿ, ಬೇರೆ ದಿನ ಹೋದರೆ ನಿಮ್ಮ ರೋಗದ ಪೂರ್ವಾಪರ ಅರಿಯದ ಇನ್ನೊಂದು ತಂಡ ಎದುರಾಗುತ್ತದೆ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅದನ್ನು ಮಾಡುವವರು ಯಾರು, ಮೇಲ್ವಿಚಾರಣೆ ಯಾರದು ಎಂದು ವಿನಯದಿಂದ ಕೇಳಿರಿ. ಹಾಗೆ ಕೇಳುವುದು ಉದ್ಧಟತನವಲ್ಲ. ಚಿಕಿತ್ಸೆ ನೀಡುವವರ ಹೆಸರು ಮತ್ತು ವೃತ್ತಿಸ್ಥಾನವನ್ನು ತಿಳಿಯುವುದು ರೋಗಿಯ ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ.

12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರ ಹೆಸರಿನೊಡನೆಯೇ ಅವರ ಕಾಯಕವೂ ಉಳಿದುಬಂದಿದೆ. ಇಂದು ಸಂವಿಧಾನದ 371(ಜೆ) ವಿಧಿಯನ್ವಯ ಕಲ್ಯಾಣ ಕರ್ನಾಟಕದ ವೈದ್ಯಕೀಯ ಸೀಟುಗಳಲ್ಲಿ ಶೇಕಡಾ 70ರಷ್ಟು ಈ ಭಾಗದವರಿಗೇ ಮೀಸಲಾಗಿವೆ. ವಾರ್ಡಿನಲ್ಲಿ ನಿಮ್ಮ ನಾಡಿ ಹಿಡಿಯುವ ತರುಣ ವೈದ್ಯೆ ನಿಮ್ಮದೇ ತಾಲ್ಲೂಕಿನ ರೈತರ ಮಗಳಾಗಿರಬಹುದು. ಆಕೆಯನ್ನು ಸಂಶಯದಿಂದ ನೋಡದೆ, ಆಕೆಯ ಹಿಂದೆ ನಿಂತ ಹಿರಿಯರು ಯಾರೆಂದು ಕೇಳಿ ತಿಳಿದು, ಚಿಕಿತ್ಸೆಯನ್ನು ಪೂರ್ಣಗೊಳಿಸಿಕೊಳ್ಳುವುದು ಶ್ರೇಯಸ್ಕರ.