ಲೋಕಸಭೆಯ ಉಮೇದುವಾರರನ್ನು ಆರಿಸುವ ಬಗೆ

ನಮ್ಮ ಶಾಲೆಯಲ್ಲಿ ಕಲಿತು ಈಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಸಂಸಾರ ಹೂಡಿರುವ ಪೂರ್ವವಿದ್ಯಾರ್ಥಿನಿಯರು ಚುನಾವಣೆ ಸಮೀಪಿಸಿದಾಗಲೆಲ್ಲ ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: "ಅಕ್ಕನವರೇ, ಯಾರಿಗೆ ಓಟು ಕೊಡೋಣ?" ಹೆಸರು ಹೇಳುವದು ಶಿಕ್ಷಕಿಯ ಕೆಲಸವಲ್ಲ. ಲೆಕ್ಕದ ಉತ್ತರವನ್ನು ನಾವೇ ಹಲಗೆಯ ಮೇಲೆ ಬರೆದುಕೊಟ್ಟರೆ ಹುಡುಗಿಯು ಲೆಕ್ಕ ಕಲಿತಂತಾಗಲಿಲ್ಲ. ಆದರೆ ಲೆಕ್ಕ ಮಾಡುವ ರೀತಿಯನ್ನು ತೋರಿಸುವದು ನಮ್ಮ ಕರ್ತವ್ಯವಾದ್ದರಿಂದ ಈ ಲೇಖನಕ್ಕೆ ಕೈಹಚ್ಚಿದ್ದೇವೆ.

ಮೊದಲು ಯಾವ ಕೆಲಸಕ್ಕಾಗಿ ಮನುಷ್ಯನನ್ನು ಹುಡುಕುತ್ತಿದ್ದೇವೆಂಬುದು ತಿಳಿದಿರಬೇಕು. ಬಾಗಲಕೋಟೆಯ ಲೋಕಸಭಾ ಮತಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಇಳಕಲ್ಲು ಹುನಗುಂದದಲ್ಲಿ ಅಡಕವಾಗಿದೆ, ಗದಗ ಜಿಲ್ಲೆಯ ನರಗುಂದವೂ ನಮ್ಮೊಡನೆ ಕೂಡಿದೆ. ಓಣಿಯ ನಳಕ್ಕೆ ನೀರು ಬರಲಿಲ್ಲ, ಗಟಾರ ತುಂಬಿತು ಎಂಬ ದೂರುಗಳಿಗೆ ನಗರಸಭೆಯುಂಟು, ಪಂಚಾಯತಿಯುಂಟು. ದಿಲ್ಲಿಗೆ ಹೋಗುವವರನ್ನು ಬೇರೆ ಮಾತು ಕೇಳಬೇಕು. ಹತ್ತು ವರ್ಷಕ್ಕೂ ಮೇಲ್ಪಟ್ಟು ಎಳೆದ ಬಾಗಲಕೋಟೆ–ಕುಡಚಿ ರೇಲ್ವೆಯ ಕೆಲಸ ಕೇಂದ್ರದ್ದು. ಬಾದಾಮಿಯ ಗುಹೆಗಳ ರಕ್ಷಣೆ ಕೇಂದ್ರದ ಪುರಾತತ್ತ್ವ ಇಲಾಖೆಯದು. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಕಾದಿರಿಸಿದ 1985ರ ಕಾಯಿದೆಯು ಪಾರ್ಲಿಮೆಂಟಿನಲ್ಲಿ ಆದದ್ದು. ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಕ್ಕಳು ಅದನ್ನು ಅರಿತಿರತಕ್ಕದ್ದು. ಇನ್ನು ಕೃಷ್ಣೆಯ ಮಾತು. ಆಲಮಟ್ಟಿಯಲ್ಲಿ ನೀರನ್ನು 524.256 ಮೀಟರಿನ ವರೆಗೆ ನಿಲ್ಲಿಸಬಹುದೆಂದು 2010ರಲ್ಲಿ ನ್ಯಾಯಮಂಡಳಿಯು ತೀರ್ಪಿತ್ತ ಬಳಿಕ ಅಧಿಸೂಚನೆಗಾಗಿ ವರ್ಷಾನುಗಟ್ಟಲೆ ದಿಲ್ಲಿಯ ಕಡೆಗೇ ನೋಡಬೇಕಾಯಿತು. ಹಳೆಯ ಓಣಿಗಳು ಹಿನ್ನೀರಿನಲ್ಲಿ ಮುಳುಗಿ ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ ಈ ಅಂಕೆಯ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಷವನ್ನೂ ನೋಡದೆ ಗತಿಯಿಲ್ಲ. 1985ರಲ್ಲಿ ಪಕ್ಷಾಂತರವನ್ನು ನಿಷೇಧಿಸಿದಂದಿನಿಂದ ಪಕ್ಷದ ಸಚೇತಕರ ಆಜ್ಞೆಯನ್ನು ಮೀರಿ ಸಭೆಯಲ್ಲಿ ಮತ ಹಾಕಿದವರು ತಮ್ಮ ಸ್ಥಾನಕ್ಕೇ ಎರವಾಗಬಹುದು.

ಉಮೇದುವಾರರ ಗುಣವನ್ನು ಅರಿಯುವದಕ್ಕೆ ಕಟ್ಟೆಯ ಮಾತಿಗಿಂತ ಉತ್ತಮವಾದ ಸಾಧನ ಈಗ ಇದೆ. ಸುಪ್ರೀಮ್ ಕೋರ್ಟು 2002ರಲ್ಲಿಯೂ 2003ರಲ್ಲಿಯೂ ಕೊಟ್ಟ ತೀರ್ಪುಗಳ ಫಲವಾಗಿ, ಪ್ರತಿಯೊಬ್ಬರೂ ತಮ್ಮ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ವಿದ್ಯೆ ಇವುಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಚುನಾವಣಾ ಆಯೋಗವು ಅದನ್ನು ಎಲ್ಲರಿಗೂ ತೋರಿಸುತ್ತದೆ. ವಿದ್ಯೆಯ ಅಂಕಣದ ಮೇಲೆ ನಮ್ಮ ಕಣ್ಣು ಮೊದಲು ಬೀಳುವದು ವೃತ್ತಿಯ ಚಾಳಿ. ಆದರೆ ಪದವಿಯೊಂದೇ ಯೋಗ್ಯತೆಯಲ್ಲ. ಆರೋಪ ಬೇರೆ, ಅಪರಾಧ ಸಿದ್ಧವಾಗುವದು ಬೇರೆ ಎಂಬುದನ್ನು ಮರೆಯದೆ ಓದಿರಿ. ಹಿಂದಿನ ಚುನಾವಣೆಯ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡರೆ ಐದು ವರ್ಷಗಳಲ್ಲಿ ಆಸ್ತಿ ಎಷ್ಟು ಬೆಳೆಯಿತೆಂಬುದು ತಿಳಿಯುವದು.

ಮತ ಕೇಳಲಿಕ್ಕೆ ಬರುವದಕ್ಕಿಂತ ಮುಂಚೆ ಇವರು ಏನು ಮಾಡಿದರೆಂಬುದು ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತ ಮೇಲಾದ ಪರೀಕ್ಷೆ. 1991ರಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಬಾಗಲಕೋಟೆಯಿಂದ ನಿಂತರು. ದೇಶವೆಲ್ಲ ಬಲ್ಲ ಹೆಸರು. ಅವರನ್ನು ಸೋಲಿಸಿದವರು ಸಿದ್ದು ನ್ಯಾಮಗೌಡರು. ಜಮಖಂಡಿ ಸೀಮೆಯ ರೈತರನ್ನು ಕೂಡಿಸಿ, ಅವರ ಹಣದಿಂದಲೂ ದುಡಿಮೆಯಿಂದಲೂ ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಸಿದವರು ಅವರು. ಇದರಿಂದ ಪರಊರಿನವರು ಬೇಡವೆಂಬ ಅರ್ಥ ಹೊರಡದು. 2018ರ ವಿಧಾನಸಭಾ ಚುನಾವಣೆಯಲ್ಲಿ ಮೈಸೂರು ಸೀಮೆಯ ಸಿದ್ದರಾಮಯ್ಯನವರನ್ನು ಬಾದಾಮಿಯ ಮತದಾರರು ಆರಿಸಿದರು, 1,696 ಮತಗಳ ಅಂತರದಿಂದ. ತನ್ನೊಂದು ಮತದಿಂದ ಏನಾದೀತೆನ್ನುವವರು 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆದದ್ದನ್ನು ಕೇಳಲಿ: ಅಲ್ಲಿ ಆರ್. ಧ್ರುವನಾರಾಯಣರು ಗೆದ್ದದ್ದು ಒಂದೇ ಮತದಿಂದ.

ಬಾಗಲಕೋಟೆಯಿಂದ ಲೋಕಸಭೆಗೆ ಇದುವರೆಗೆ ಸ್ತ್ರೀಯೊಬ್ಬಳೂ ಹೋಗಿಲ್ಲ. 2019ರಲ್ಲಿ ವೀಣಾ ಕಾಶಪ್ಪನವರರೂ 2024ರಲ್ಲಿ ಸಂಯುಕ್ತಾ ಪಾಟೀಲರೂ ಪಿ. ಸಿ. ಗದ್ದಿಗೌಡರರ ಎದುರಿಗೆ ನಿಂತು ಸೋತರು. ಹೆಣ್ಣೆಂದು ಮತ ಕೊಡಬೇಕೆಂದು ನಾವು ಹೇಳೆವು. ಹೆಣ್ಣೆಂದು ತಳ್ಳಿಬಿಡುವದನ್ನೂ ಒಪ್ಪೆವು.

ಪಾಲಕರು ಸಿಟ್ಟಾಗಬಾರದು, ಒಂದು ಮಾತು ಉಳಿದಿದೆ. 1951–52ರ ಮೊದಲನೆಯ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಸ್ತ್ರೀಯರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತಗಳವರು. ಇಂಥವನ ಹೆಂಡತಿ, ಇಂಥವಳ ತಾಯಿ ಎಂದರೇ ಹೊರತು ಸ್ವಂತ ಹೆಸರನ್ನು ಹೇಳಲೊಲ್ಲದೆ ಹೋದವರು. ಇಂದು ನಮ್ಮ ಹುಡುಗಿಯರ ಹೆಸರು ಪಟ್ಟಿಯಲ್ಲಿದೆ. ಮತ ಮಾತ್ರ ಎಷ್ಟೋ ಮನೆಗಳಲ್ಲಿ ಯಜಮಾನನ ಬಾಯಿಂದಲೇ ಹೊರಡುತ್ತದೆ. ಮನೆಯಲ್ಲಿ ಚರ್ಚೆಯಾಗಲಿ, ಅದು ಒಳ್ಳೆಯದೇ. ಆದರೆ ಯಂತ್ರದ ಮರೆಯಲ್ಲಿ ನಿಂತವಳು ಒಬ್ಬಳೇ. ಗುರುತಿನ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಅವಳಿಗೆ ಮಾತ್ರ ಕಂಡು ಪೆಟ್ಟಿಗೆಗೆ ಬೀಳುವದು. ಯಾರಿಗೆ ಹಾಕಿದೆಯೆಂದು ಗಂಡನೇ ಕೇಳಿದರೂ ಹೇಳಬೇಕೆಂಬ ಕಟ್ಟಿಲ್ಲ. ಮತಕ್ಕಾಗಿ ಸೀರೆ ಹಂಚುವವರಿಗೂ, ಸೀರೆಯನ್ನೇ ನೇಯುವ ಇಳಕಲ್ಲಿನಲ್ಲಿ ಅದನ್ನು ಕೈಯೊಡ್ಡಿ ಇಸಿದುಕೊಳ್ಳುವವರಿಗೂ ಕಾಯಿದೆಯಲ್ಲಿ ಶಿಕ್ಷೆಯುಂಟು.

ಮದುವೆಯಾಗಿ ಊರು ಬದಲಿಸಿದವರು ನಮೂನೆ 8ನ್ನೂ, 18 ವರ್ಷ ತುಂಬಿದ ಹೊಸಬರು ನಮೂನೆ 6ನ್ನೂ ಈಗಲೇ ತುಂಬಿ ಕೊಡಲಿ. ನಾಮಪತ್ರ ಸಲ್ಲಿಸುವ ಕಡೆಯ ದಿನ ಕಳೆದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೆಸರು ಸೇರದು.