ತಡೆದು ಬರುವ ನುಡಿ, ತಾಳಿ ಕೇಳುವ ಕಿವಿ

ಮಾತು ಮನುಷ್ಯನಿಗೆ ಒದಗಿದ ದೊಡ್ಡ ಸಂಪತ್ತು. ಪಶುಪಕ್ಷಿಗಳಿಗೂ ಧ್ವನಿಯುಂಟು. ಆದರೆ ಮನದೊಳಗಿನ ಭಾವವನ್ನು ಪದದಲ್ಲಿ ಹಿಡಿದು ಇನ್ನೊಬ್ಬರ ಮನಕ್ಕೆ ಮುಟ್ಟಿಸುವ ಶಕ್ತಿ ಮಾನವನದು. ನಮ್ಮ ಶರಣರ ಅನುಭಾವಕ್ಕೆ 'ವಚನ' ಎಂಬ ಹೆಸರೇ ನಿಂತಿತು. ವಚನವೆಂದರೆ ಮಾತು, ವಚನವೆಂದರೆ ಕೊಟ್ಟ ಭಾಷೆಯೂ ಹೌದು. ಮಾತಿಗೆ ಇಷ್ಟೊಂದು ಗೌರವ ಸಲ್ಲಿಸಿದ ನಾಡಿನಲ್ಲಿ, ಆಡಬೇಕೆಂದ ಮಾತು ಗಂಟಲಲ್ಲೇ ತಡೆದು ನಿಲ್ಲುವ ಮಗುವೊಂದು ಹುಟ್ಟಿದರೆ ಅದರ ಪಾಡೇನು? ಸದ್ಭಕ್ತರು ಇಂದು ನಮ್ಮೊಡನೆ ಈ ವಿಷಯವನ್ನು ತುಸು ಚಿಂತಿಸಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿಗಳಿಗೆ ಪುರಾಣದ ಮಂಗಲಕ್ಕೋ ಜಾತ್ರೆಗೋ ನಾವು ಹೋದಾಗ, ಜನ ಕರಗಿದ ಮೇಲೆ ಯಾರೋ ಒಬ್ಬ ತಾಯಿ ಮಗನನ್ನು ಸೆರಗಿನ ಮರೆಯಲ್ಲಿ ಕರೆತರುವುದುಂಟು. "ಬುದ್ಧೀ, ಇವನ ನಾಲಿಗೆಗೆ ಒಂದಿಷ್ಟು ವಿಭೂತಿ ಹಚ್ಚರಿ. ಮಾತು ನಿಂತು ನಿಂತು ಬರತಾವ" ಎನ್ನುತ್ತಾಳೆ. ಹುಡುಗನ ಹೆಸರು ಕೇಳಿದರೆ ಅವನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ತಂದೆ ಹೇಳಿಬಿಡುತ್ತಾನೆ. ಆ ಮಗುವಿನ ತಲೆ ಬಾಗುತ್ತದೆ. ವಿಭೂತಿ ಹಚ್ಚುವುದು ನಮ್ಮ ಧರ್ಮ, ಹಚ್ಚುತ್ತೇವೆ. ಆದರೆ ಬಾಗಿದ ಆ ತಲೆಯನ್ನು ಎತ್ತಿಸುವುದು ಅದಕ್ಕಿಂತ ದೊಡ್ಡ ಕೆಲಸ.

ಈ ಮಾತನ್ನು ನಾವು ದೂರ ನಿಂತು ಹೇಳುತ್ತಿಲ್ಲ. ನಮಗೂ ಬಾಲ್ಯದಿಂದ ಉಗ್ಗು ಇದೆ. ಅರವತ್ತು ದಾಟಿದ ಈಗಲೂ ಇದೆ. ನಮ್ಮ ಪ್ರವಚನ ಕೇಳಿದ ಭಕ್ತರಿಗೆ ಇದು ತಿಳಿಯದ ಸಂಗತಿಯಲ್ಲ. ಬಾಲ್ಯದಲ್ಲಿ ಪಾಠಶಾಲೆಯ ಹುಡುಗರೆಲ್ಲ ಕೂಡಿ ಮಂತ್ರ ಹೇಳುವಾಗ ನಮ್ಮ ಕಂಠ ಎಲ್ಲೂ ತಡೆಯುತ್ತಿರಲಿಲ್ಲ. ಒಬ್ಬರೇ ಎದ್ದು ನಿಂತು ಹೆಸರು ಹೇಳೆಂದರೆ ಮೊದಲ ಅಕ್ಷರವೇ ಬಂಡೆಯಾಗುತ್ತಿತ್ತು. ಉಳಿದವರು ನಗುತ್ತಿದ್ದರು. ನಮ್ಮ ಹಿರಿಯ ಗುರುಗಳು ಮಾತ್ರ ನಗಲಿಲ್ಲ, ಅವಸರಿಸಲಿಲ್ಲ, ನಮ್ಮ ಬಾಯ ಮಾತನ್ನು ಕಸಿದು ತಾವೇ ಮುಗಿಸಲೂ ಇಲ್ಲ. "ಬರಲಿ, ನಾವು ಕುಳಿತಿದ್ದೇವೆ" ಎಂದಷ್ಟೇ ಹೇಳಿ ನಮ್ಮ ಮುಖ ನೋಡುತ್ತ ಕಾಯುತ್ತಿದ್ದರು. ಅವರು ನಮಗೆ ಶಾಸ್ತ್ರ ಕಲಿಸಿದರು, ಸಂಸ್ಕೃತ ಕಲಿಸಿದರು. ಆದರೆ ನಮ್ಮನ್ನು ಪೀಠದ ಮೇಲೆ ಕುಳಿತು ಮಾತನಾಡುವಂತೆ ಮಾಡಿದ್ದು ಆ ಕಾಯುವಿಕೆ.

ಮೊದಲು ಎರಡು ಪದಗಳ ಭೇದ ತಿಳಿಯೋಣ. ಎಳೆಯ ಕೂಸಿನ ಬಾಯಲ್ಲಿ ಪದಗಳು ಮುದ್ದಾಗಿ ಮುರಿದು ಬರುವುದು ತೊದಲು. ಅದು ಬೆಳೆದಂತೆ ಹೋಗುತ್ತದೆ. ಏನು ಹೇಳಬೇಕೆಂಬುದು ಮನಸ್ಸಿಗೆ ನಿಚ್ಚಳವಾಗಿ ಗೊತ್ತಿದ್ದರೂ ಅಕ್ಷರ ಮರುಮರಳಿ ಬರುವುದು, ಎಳೆದುಕೊಂಡು ಬರುವುದು ಇಲ್ಲವೆ ಪೂರ್ತಿ ತಡೆದು ನಿಲ್ಲುವುದು ಉಗ್ಗು. ಇದು ಸಾಮಾನ್ಯವಾಗಿ 2ರಿಂದ 5 ವರ್ಷದ ವಯಸ್ಸಿನಲ್ಲಿ ತೋರುತ್ತದೆ. 100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಒಂದಲ್ಲ ಒಂದು ಕಾಲಕ್ಕೆ ಉಗ್ಗು ಬರುತ್ತದೆ, ಅವರಲ್ಲಿ ಬಹುಪಾಲು ಮಕ್ಕಳಿಗೆ ಅದು ತಾನೇ ಬಿಟ್ಟುಹೋಗುತ್ತದೆ ಎಂದು ವೈದ್ಯವಿಜ್ಞಾನ ಹೇಳುತ್ತದೆ. ದೊಡ್ಡವರಲ್ಲಿ 100ಕ್ಕೆ ಸುಮಾರು ಒಬ್ಬರಿಗೆ ಉಳಿಯುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು 4 ಪಟ್ಟು ಹೆಚ್ಚು. ಈ ಲೆಕ್ಕದಲ್ಲಿ ಎರಡು ಸಾವಿರ ಜನರ ಹಳ್ಳಿಯಲ್ಲಿ ಹತ್ತಿಪ್ಪತ್ತು ಮಂದಿ ಇದ್ದಾರು. ಅವರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅವರು ಮಾತನಾಡುವುದನ್ನೇ ಬಿಟ್ಟಿರುತ್ತಾರೆ.

ಇದು ಪೂರ್ವಜನ್ಮದ ಪಾಪವಲ್ಲ, ದೇವರ ಮುನಿಸಲ್ಲ, ಬುದ್ಧಿಯ ಕೊರತೆಯೂ ಅಲ್ಲ. ತಾಯಿ ಏನೋ ತಿಂದದ್ದರಿಂದಲೋ, ಮಗು ಹೆದರಿದ್ದರಿಂದಲೋ ಬಂದದ್ದಲ್ಲ. ಮಾತನ್ನು ನಡೆಸುವ ಮೆದುಳಿನ ನರಗಳ ಹೊಂದಾಣಿಕೆಯಲ್ಲಿ ಇದರ ಬೇರಿದೆ. ಮನೆತನದಲ್ಲಿ ಹರಿದು ಬರುವುದೂ ಉಂಟು. ಇದಕ್ಕೆ ಸಂಬಂಧಪಟ್ಟ ಮೂರು ವಂಶವಾಹಿಗಳನ್ನು ಅಮೆರಿಕದ ಸಂಶೋಧಕರು 2010ರಲ್ಲಿ ಗುರುತಿಸಿದರು. ಇನ್ನೊಂದು ವಿಚಿತ್ರ ನೋಡಿರಿ. ಉಗ್ಗುವವನು ಹಾಡುವಾಗ ಉಗ್ಗುವುದು ತೀರ ಅಪರೂಪ. ಭಜನೆಯಲ್ಲಿ ನಾಲ್ವರೊಡನೆ ದನಿ ಕೂಡಿಸಿದಾಗಲೂ ಹಾಗೆಯೇ. ಹೊಲದಲ್ಲಿ ಒಬ್ಬನೇ ಎತ್ತುಗಳ ಕೂಡ ಮಾತಾಡುವಾಗ ಸರಾಗವಾಗಿ ಹರಿಯುವ ನಾಲಿಗೆ ಗೌಡರ ಕಟ್ಟೆಯ ಮುಂದೆ ತಡೆದು ನಿಲ್ಲುತ್ತದೆ. ಉಗ್ಗಿನ ಬೇರು ಒಳಗಿದ್ದರೂ ಅದಕ್ಕೆ ಭಾರ ಹೇರುವವರು ಹೊರಗಿನ ನಾವೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಳ್ಳಿಗಳಲ್ಲಿ ಇದಕ್ಕೆ ಮದ್ದುಗಳು ಬಹಳ. ಬಜೆಯ ಬೇರನ್ನು ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಸಂಸ್ಕೃತದಲ್ಲಿ ಬಜೆಗೆ 'ವಚಾ' ಎಂದೇ ಹೆಸರು. ಹಿರಿಯರ ಪ್ರೀತಿ ಅದರಲ್ಲಿದೆ ನಿಜ, ಆದರೆ ಅದರಿಂದ ಉಗ್ಗು ಹೋಗುತ್ತದೆಂದು ನಂಬಿ ಕೂರಬಾರದು. ಬರೆ ಹಾಕುವುದು, ಹೆದರಿಸುವುದು, ಕೆನ್ನೆಗೆ ಹೊಡೆದು 'ನೆಟ್ಟಗ ಮಾತಾಡು' ಎನ್ನುವುದು ಮಾತ್ರ ಘೋರ ಅಪಚಾರ. ನಮ್ಮ ಹಳ್ಳಿಗರಷ್ಟೇ ಹೀಗೆ ಮಾಡಿದರೆಂದಲ್ಲ. 1841ರಲ್ಲಿ ಬರ್ಲಿನ್ನಿನ ಹೆಸರಾಂತ ಶಸ್ತ್ರವೈದ್ಯ ಡೀಫೆನ್‌ಬಾಕ್ ಉಗ್ಗುವವರ ನಾಲಿಗೆಯನ್ನೇ ಕತ್ತರಿಸಿ ಸರಿಪಡಿಸಲು ಹೊರಟಿದ್ದ. ನೋವು ಉಳಿಯಿತು, ಉಗ್ಗು ಹೋಗಲಿಲ್ಲ. ಲೋಕವೇ ಆ ದಾರಿಯನ್ನು ಕೈಬಿಟ್ಟಿತು.

ನಾಲಿಗೆಗೆ ಬೀಳುವ ಕತ್ತಿಗಿಂತ ಮನಸ್ಸಿಗೆ ಬೀಳುವ ಮಾತು ಹರಿತ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 22 ಅನಾಥ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಅದನ್ನು ನಡೆಸಿಸಿದ ಪಂಡಿತ ವೆಂಡೆಲ್ ಜಾನ್ಸನ್ ಸ್ವತಃ ಉಗ್ಗುವವನೇ ಆಗಿದ್ದ. ಚೆನ್ನಾಗಿಯೇ ಮಾತನಾಡುತ್ತಿದ್ದ ಕೆಲವು ಮಕ್ಕಳಿಗೆ, ನಿಮ್ಮ ಮಾತು ಸರಿಯಿಲ್ಲ, ನಿಮಗೆ ಉಗ್ಗು ಶುರುವಾಗುತ್ತಿದೆ, ಸರಿಯಾಗಿ ಬರದಿದ್ದರೆ ಬಾಯಿ ತೆರೆಯಬೇಡಿರಿ ಎಂದು ತಿಂಗಳುಗಟ್ಟಲೆ ಹೇಳಿಸಿದರು. ಆ ಮಕ್ಕಳು ಕುಗ್ಗಿದರು, ನಾಚಿದರು, ಮಾತೇ ಕಡಿಮೆ ಮಾಡಿದರು. ಅರವತ್ತು ವರ್ಷ ಕಳೆದ ಮೇಲೆ, 2001ರಲ್ಲಿ, ಆ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಹಿರಿಯರ ಒಂದು ಹೀನ ಮಾತು ಮಕ್ಕಳ ಬಾಯಿ ಕಟ್ಟಬಲ್ಲದು ಎಂಬುದಕ್ಕೆ ಇದು ನಿದರ್ಶನ. ನಮ್ಮ ಓಣಿಗಳಲ್ಲಿ 'ಉಗ್ಗ' ಎಂದು ಅಡ್ಡಹೆಸರಿಟ್ಟು ಕರೆಯುವವರು ಇದನ್ನು ಒಂದು ಗಳಿಗೆ ಯೋಚಿಸಲಿ.

ಉಗ್ಗುವವನ ದೊಡ್ಡ ಕಷ್ಟ ಉಗ್ಗಲ್ಲ, ಅದನ್ನು ಮುಚ್ಚಿಡುವ ದುಡಿಮೆ. ಕಷ್ಟದ ಅಕ್ಷರ ಬಂದಾಗ ಬೇರೆ ಪದ ಹುಡುಕುತ್ತಾನೆ. ಬಸ್ಸಿನಲ್ಲಿ ತನ್ನ ಊರಿನ ಹೆಸರು ಬಾಯಿಗೆ ಬಾರದೆ ಮುಂದಿನ ಊರಿಗೆ ಟಿಕೆಟು ಕೊಳ್ಳುತ್ತಾನೆ. ಗೊತ್ತಿದ್ದ ಉತ್ತರಕ್ಕೂ ಶಾಲೆಯಲ್ಲಿ ಕೈ ಎತ್ತುವುದಿಲ್ಲ. ಫೋನು ಹೊಡೆದುಕೊಂಡರೆ ಎದೆಯೂ ಹೊಡೆದುಕೊಳ್ಳುತ್ತದೆ. ಹೆಣ್ಣು ನೋಡಲು ಹೋದಲ್ಲಿ ಮೂಕನಂತೆ ಕೂರುತ್ತಾನೆ. ಬೇರೆ ಪದಕ್ಕೆ ಬದಲಿ ಸಿಕ್ಕೀತು, ಸ್ವಂತ ಹೆಸರಿಗೆ ಬದಲಿ ಪದವಿಲ್ಲ. ಅದಕ್ಕೇ ಬಹಳ ಮಂದಿಗೆ ತಮ್ಮ ಹೆಸರು ಹೇಳುವುದೇ ಎಲ್ಲಕ್ಕಿಂತ ಕಠಿಣ.

ಹಾಗಾದರೆ ದಾರಿ ಯಾವುದು? ಸಿಂಧನೂರಿನ ಭಾಗದ ರೈತರು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಬಲ್ಲವರು. ತೂಬಿನಲ್ಲಿ ಕಸ ಸಿಕ್ಕಿಕೊಂಡಾಗ ಮೇಲಿನಿಂದ ನೀರಿನ ಒತ್ತಡ ಹೆಚ್ಚಿಸಿದರೆ ಏನಾಗುತ್ತದೆ? ಕಸ ಇನ್ನೂ ಬಿಗಿಯುತ್ತದೆ, ಕಾಲುವೆಯ ದಂಡೆ ಒಡೆಯುತ್ತದೆ. ಬಲ್ಲ ರೈತ ನೀರನ್ನು ತಗ್ಗಿಸಿ ಕಸವನ್ನು ಸಡಿಲಿಸುತ್ತಾನೆ. ಉಗ್ಗು ಕೂಡ ಹಾಗೆಯೇ. ಬಲವಂತದಿಂದ ನೂಕಿದಷ್ಟೂ ಗಂಟು ಬಿಗಿಯುತ್ತದೆ. 'ಹೌದು, ನನಗೆ ಉಗ್ಗು ಇದೆ. ಸ್ವಲ್ಪ ತಾಳಿರಿ, ಹೇಳುತ್ತೇನೆ' ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡವನ ಗಂಟಲಿನ ಬಿಗುವು ಅರ್ಧ ಇಳಿಯುತ್ತದೆ. ಒಪ್ಪಿಕೊಳ್ಳುವುದು ಸೋಲಲ್ಲ, ಕೈಚೆಲ್ಲುವುದೂ ಅಲ್ಲ. ಚಿಕಿತ್ಸೆ ಪಡೆಯಬೇಕು, ಅಭ್ಯಾಸ ಮಾಡಬೇಕು, ಆದರೆ ನಾಚಿಕೆಯಿಂದಲ್ಲ, ಸಮಾಧಾನದಿಂದ.

ಲೋಕದಲ್ಲಿ ಹೀಗೆ ನಡೆದು ತೋರಿದವರಿದ್ದಾರೆ. ನೆರೆಯ ಕೇರಳದ ಮೊದಲ ಮುಖ್ಯಮಂತ್ರಿಯಾಗಿ 1957ರಲ್ಲಿ ಅಧಿಕಾರ ವಹಿಸಿದ ಇ.ಎಂ.ಎಸ್. ನಂಬೂದಿರಿಪಾಡರಿಗೆ ಜೀವನವಿಡೀ ಉಗ್ಗು ಇತ್ತು. ನೀವು ಯಾವಾಗಲೂ ಉಗ್ಗುತ್ತೀರಾ ಎಂದು ಕೇಳಿದವನಿಗೆ, ಇಲ್ಲ, ಮಾತಾಡುವಾಗ ಮಾತ್ರ ಎಂದು ಅವರು ನಕ್ಕು ಉತ್ತರಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಅವರ ವಿಚಾರ ಬೇರೆ, ನಮ್ಮ ದಾರಿ ಬೇರೆ. ಆದರೂ ಆ ನಗೆಯಲ್ಲಿದ್ದ ಧೈರ್ಯಕ್ಕೆ ಕೈಮುಗಿಯಬೇಕು. ಇಂಗ್ಲೆಂಡಿನ ಆರನೇ ಜಾರ್ಜ್ ದೊರೆ 1926ರಿಂದ ಲಯೊನೆಲ್ ಲೋಗ್ ಎಂಬ ವಾಕ್ ಶಿಕ್ಷಕನ ಬಳಿ ಅಭ್ಯಾಸ ಮಾಡಿದ. 1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾದ ದಿನ ನಿಧಾನವಾಗಿ, ನಿಂತು ನಿಂತು, ರೇಡಿಯೊದಲ್ಲಿ ತನ್ನ ಪ್ರಜೆಗಳಿಗೆ ಧೈರ್ಯ ಹೇಳಿದ. ಕ್ರೈಸ್ತರೂ ಮುಸಲ್ಮಾನರೂ ಪ್ರವಾದಿಯೆಂದು ಗೌರವಿಸುವ ಮೋಶೆ, ಅಂದರೆ ಮೂಸಾ, ಮಾತು ತಡೆಯುವವನಾಗಿದ್ದನೆಂದು ಅವರ ಗ್ರಂಥಗಳು ತಿಳಿಸುತ್ತವೆ. ದೇವರು ತನ್ನ ಸಂದೇಶಕ್ಕೆ ಸರಾಗ ನಾಲಿಗೆಯವನನ್ನೇ ಹುಡುಕಲಿಲ್ಲ.

ನಮ್ಮ ಶರಣರ ಅಳತೆಯೂ ಇದೇ. ನುಡಿ ಹೇಗಿರಬೇಕೆಂದು ಬಸವಣ್ಣನವರು ಹೇಳಿದ ವಚನ ಮಕ್ಕಳಿಗೂ ಬಾಯಿಪಾಠ. ಅದರಲ್ಲಿ ಮಾತಿನ ಸೊಬಗನ್ನು ವರ್ಣಿಸಿದ ಅಣ್ಣನವರು ಕೊನೆಗೆ ಬಂದು ನಿಲ್ಲುವುದು ನಡೆಯ ಮೇಲೆ. ನುಡಿಯೊಳಗೆ ನಡೆ ಇಲ್ಲದಿದ್ದರೆ ದೇವರು ಒಲಿಯನು ಎಂಬುದೇ ಅದರ ತಾತ್ಪರ್ಯ. ಸರಸರ ಮಾತಾಡಿ ಕೊಟ್ಟ ಮಾತಿಗೆ ತಪ್ಪುವವನ ನುಡಿ ಮುರುಕೋ, ತಡೆದು ತಡೆದು ಹೇಳಿಯೂ ಆಡಿದಂತೆ ನಡೆಯುವವನ ನುಡಿ ಮುರುಕೋ? ಹರಿಹರ ಕವಿಯ ರಗಳೆಯ ಕೋಳೂರು ಕೊಡಗೂಸಿನ ಕಥೆ ಹಿರಿಯರಿಗೆ ತಿಳಿದಿದೆ. ಆ ಮಗುವಿನ ಹಾಲನ್ನು ಶಿವನು ಕುಡಿದದ್ದು ಮಾತಿನ ಚಾತುರ್ಯಕ್ಕೆ ಮೆಚ್ಚಿಯಲ್ಲ, ಮುಗ್ಧ ಭಕ್ತಿಗೆ ಮೆಚ್ಚಿ. ಅಂಗೈಯ ಇಷ್ಟಲಿಂಗವನ್ನು ದಿಟ್ಟಿಸಿ ಕುಳಿತವನಿಗೆ ತಡೆಯುವ ಅಕ್ಷರವೇ ಇಲ್ಲ.

ಇನ್ನು ಕೇಳುವವರ ಕರ್ತವ್ಯ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಗಣಿ ಕಾರ್ಮಿಕರು ಟನ್ನುಗಟ್ಟಲೆ ಕಲ್ಲು ಅಗೆದು ತೆಗೆಯುತ್ತಾರೆ. ಒಂದು ಟನ್ನಿಗೆ ಸಿಗುವ ಚಿನ್ನ ಕೆಲವೇ ಗ್ರಾಂ. ಚಿನ್ನ ಇದೆಯೆಂಬ ನಂಬಿಕೆಯಿಂದ ಅಷ್ಟು ಶ್ರಮ ಪಡುತ್ತೇವೆ. ಮಸ್ಕಿಯ ಬಂಡೆಯ ಕಥೆ ಇನ್ನೂ ದೊಡ್ಡದು. ಎರಡು ಸಾವಿರ ವರ್ಷಕ್ಕೂ ಹಿಂದಿನ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಅರಸನೊಬ್ಬನ ಮಾತುಗಳಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿದ. ಆತ ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ತರ್ಕಿಸಿದರು. ಆದರೆ ಶಾಸನದ ಕಲ್ಲಿನಲ್ಲಿಯೇ ಆ ಹೆಸರು ದೊರೆತದ್ದು 1915ರಲ್ಲಿ, ನಮ್ಮ ಮಸ್ಕಿಯಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ. ಆ ಬಂಡೆಯ ಅಕ್ಷರಗಳು ಅಲ್ಲಲ್ಲಿ ಸವೆದಿವೆ, ನಡುನಡುವೆ ಅಳಿಸಿವೆ. ಪಂಡಿತರು ಬಂಡೆಯನ್ನು ಬೈಯಲಿಲ್ಲ. ಬಾಗಿ, ಬೆರಳಾಡಿಸಿ, ತಾಳ್ಮೆಯಿಂದ ಓದಿದರು. ಒಂದು ಹೆಸರಿಗಾಗಿ 78 ವರ್ಷ ಕಾಯ್ದ ಲೋಕಕ್ಕೆ, ತನ್ನ ಹೆಸರು ಹೇಳಲು ತಡೆಯುವ ಮಗುವಿಗಾಗಿ ಅರ್ಧ ನಿಮಿಷ ಕಾಯಲಾಗದೆ?

ಆದುದರಿಂದ ತಂದೆತಾಯಿಗಳೇ, ಗುರುಗಳೇ, ಊರ ಹಿರಿಯರೇ, ಇಷ್ಟು ಮಾಡಿರಿ. ಅವರ ಮಾತನ್ನು ನೀವು ಮುಗಿಸಬೇಡಿರಿ. 'ನಿಧಾನ ಮಾತಾಡು', 'ಉಸಿರು ತಗೊ' ಎಂದು ಎಲ್ಲರೆದುರು ತಿದ್ದಬೇಡಿರಿ. ನೀವೇ ನಿಧಾನವಾಗಿ ಮಾತಾಡಿರಿ, ಅದನ್ನು ಮಗು ಹಿಡಿಯುತ್ತದೆ. ಕಣ್ಣು ಬೇರೆಡೆ ತಿರುಗಿಸಬೇಡಿರಿ. ಹೇಗೆ ಹೇಳಿದನೆಂಬುದನ್ನು ಬಿಟ್ಟು ಏನು ಹೇಳಿದನೆಂಬುದಕ್ಕೆ ಉತ್ತರ ಕೊಡಿರಿ. ಎಳೆಯ ಮಗುವಿನ ಉಗ್ಗು ತಿಂಗಳುಗಟ್ಟಲೆ ಬಿಡದಿದ್ದರೆ ಕಾಯುತ್ತ ಕೂರದೆ ಅಂಗನವಾಡಿ, ಶಾಲೆಗಳಿಗೆ ಬರುವ ಬಾಲ ಸ್ವಾಸ್ಥ್ಯ ತಂಡದ ವೈದ್ಯರಿಗೆ ತೋರಿಸಿರಿ. ವಾಕ್ ಚಿಕಿತ್ಸೆಗೆಂದೇ 1966ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದ ಮೈಸೂರಿನಲ್ಲಿಯೇ ಇದೆ. ಚಿಕಿತ್ಸೆಯಿಂದ ಬಹಳಷ್ಟು ಮಂದಿಯ ಮಾತು ಹಗುರಾಗುತ್ತದೆ. ಪೂರ್ತಿ ಹೋಗದಿದ್ದರೂ ಬದುಕು ನಿಲ್ಲುವುದಿಲ್ಲ.

ಹಸಿದವನಿಗೆ ಅನ್ನ ನೀಡುವುದು ದಾಸೋಹವೆಂದು ಬಲ್ಲೆವು. ಮಾತಿಗೆ ಹಸಿದವನಿಗೆ ಕಿವಿ ನೀಡುವುದೂ ದಾಸೋಹವೇ. ಅದಕ್ಕೆ ಅಕ್ಕಿ ಬೇಕಿಲ್ಲ, ಬೇಳೆ ಬೇಕಿಲ್ಲ, ತುಸು ಹೊತ್ತು ಸಾಕು.

ಉಗ್ಗುವ ಮಕ್ಕಳಿಗೆ, ಯುವಕ ಯುವತಿಯರಿಗೆ ನಮ್ಮದೊಂದೇ ಮಾತು. ತಡೆದರೆ ತಡೆಯಲಿ, ನಿಲ್ಲಿಸಬೇಡಿರಿ. ನಿಮ್ಮ ಊರಿನ ಹೆಸರನ್ನೇ ಹೇಳಿ ಟಿಕೆಟು ಕೊಳ್ಳಿರಿ. ಗೊತ್ತಿದ್ದ ಉತ್ತರಕ್ಕೆ ಕೈ ಎತ್ತಿರಿ. ನಿಮ್ಮ ಹೆಸರನ್ನು ಬೇರೆಯವರ ಬಾಯಿಗೆ ಬಿಡಬೇಡಿರಿ. ನಿಮ್ಮ ನುಡಿಯನ್ನು ತಾಳಿ ಕೇಳುವ ಕಿವಿಗಳು ಮನೆಮನೆಯಲ್ಲೂ ಹೆಚ್ಚಲಿ, ಸರ್ವರಿಗೂ ಶುಭವಾಗಲಿ ಎಂದು ಹರಸುತ್ತೇವೆ.